ಸಾರಿನ ಉಪ್ಪು ಮತ್ತು ನನ್ನ ಪಿಎಚ್‌ಡಿ

ಗೆಳೆಯರೇ, ಮಾತಿಗೆ ಅರ್ಥ ಎಲ್ಲಿಂದ ಬರುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಓದುವ ನಾನು ರಜೆಗೆ ಮಾಂಬಳ್ಳಿಗೆ ಬಂದರೆ, ಮನೆಯಲ್ಲಿ ಅಪ್ಪ ಅವ್ವ ಒಬ್ಬರೊಡನೊಬ್ಬರು ಮಾತೇ ಬಿಟ್ಟಿದ್ದಾರೆ. ನಾನು ಪಿಎಚ್‌ಡಿಗೂ ಸೇರಬೇಕೆಂದು ಅಪ್ಪನ ಹಟ, ಈ ಭಾಷೆಯ ತತ್ವಶಾಸ್ತ್ರ ಇಷ್ಟಕ್ಕೇ ಸಾಕೆಂದು ಅವ್ವನದು.

ಇವತ್ತು ಊಟಕ್ಕೆ ಕೂತಾಗ ಅಪ್ಪ, "ಸಾರಲ್ಲಿ ಉಪ್ಪು ಜಾಸ್ತಿ ಅದೆ ಅಂತ ನಿಮ್ಮವ್ವನ್ಗೆ ಏಳು" ಎಂದರು. ನಾನು ಅಡುಗೆಮನೆಗೆ ಹೋಗಿ, "ಸಾರು ಬೋ ಚೆಂದಾಗಿ ಅದಂತೆ ಕಣವ್ವ" ಎಂದೆ.

ಅವ್ವ ಸೌಟು ಹಿಡಿದೇ ಹೊರಗೆ ಬಂದು ನೇರವಾಗಿ ಅಪ್ಪನನ್ನೇ ಕೇಳಿದಳು: "ನಂಗೇನು ಕಿವಿ ಕೇಳಕಿಲ್ವಾ? ಇಂಗೆ ಸುಳ್ಳೇಳಕ್ಕೆ ಇವ್ಳು ಇನ್ನೂ ಓದ್ಬೇಕಾ?"

"ಸುಳ್ಳೂ ಸರ್ಯಾಗಿ ಏಳಕ್ಕೆ ಬರಲ್ಲ ಇವ್ಳಿಗೆ. ಇನ್ನೊಸಿ ಓದ್ಲಿ ಬುಡು" ಎಂದರು ಅಪ್ಪ.

ಅವ್ವನಿಗೆ ನಗು ತಡೆಯಲಾಗಲಿಲ್ಲ. "ಓದ್ಕಳ್ಳಿ" ಎನ್ನುತ್ತಾ ಅಪ್ಪನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಈಗ ಇಬ್ಬರೂ ಜೊತೆಯಾಗಿ ನನ್ನನ್ನು ಬೈಯುತ್ತಾ ಕೂತಿದ್ದಾರೆ. ಕೇಳಲು ಹಿತವಾಗಿದೆ.