ಗೋಡೆಗೆ ಮುಖ ಮಾಡಿದ ಕಲ್ಲು

ಮೊನ್ನೆ ಸೊಸೆ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯೊಂದಿಗೆ ಕಂದು ಬಣ್ಣದ ಹಳೆಯ ಸ್ವೆಟರೊಂದು ಹೊರಬಿತ್ತು. ಎಸೆಯಲು ಹೊರಟವಳನ್ನು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು...

ಆಗ ನಾನು ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಮುನೀಮ. ಚಳಿಗಾಲ ಬಂತೆಂದರೆ ಮುಂಡಗೋಡದ ಕಡೆಯಿಂದ ಟಿಬೆಟಿನ ಹೆಂಗಸೊಬ್ಬಳು ಬಂದು ನಮ್ಮ ಗೇಟಿನೆದುರು ಸ್ವೆಟರ್ ಹರವುತ್ತಿದ್ದಳು. ಊರಿಗೆಲ್ಲ ಅವಳು ಸ್ವೆಟರ್ ಅಕ್ಕ. ನಮ್ಮ ಚಳಿ ಕಂಡರೆ ಅವಳಿಗೆ ನಗು. ಸಂತೆಯಲ್ಲಿ ಕಲಿತ ಕನ್ನಡದಲ್ಲೇ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು.

ದೇಶ ಬಿಟ್ಟು ಬರುವಾಗ ಅವಳ ತಾಯಿ ಹಿಮದ ದಾರಿಯಲ್ಲೇ ತೀರಿಕೊಂಡಿದ್ದಳಂತೆ. ಮಂತ್ರ ಹೇಳಲೂ ಪುರುಸೊತ್ತಿಲ್ಲದೆ ಬಿಟ್ಟು ಬಂದಿದ್ದರು. ಅವರಲ್ಲಿ ಸತ್ತವರಿಗಾಗಿ ಕಲ್ಲಿನ ಮೇಲೆ ಮಂತ್ರ ಕೆತ್ತಿ ಗುಡ್ಡದ ಮೇಲೆ ಇಡುತ್ತಾರೆ. ಒಂದು ವರ್ಷ ನಮ್ಮಿಂದ ನೆಲಕ್ಕೆ ಹಾಸುವ ಫರಸಿ ಕಲ್ಲೊಂದನ್ನು ಕೇಳಿ ಪಡೆದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಉಳಿ ಹಿಡಿದು ಕೂತಳು. ಕೆತ್ತಿ ಮುಗಿಸಲು ಎಂಟು ದಿನ ಬೇಕಾಯಿತು.

"ಅಣ್ಣಾ, ಇದರ ಮ್ಯಾಲ ಯಾರ ಕಾಲೂ ಬೀಳಬಾರದು ನೋಡ್ರಿ. ಬಿದ್ದರ ಅವ್ವಗ ದಾರಿ ಸಿಗಂಗಿಲ್ಲ," ಎಂದಳು.

"ರವಿವಾರ ನಾನೇ ಊರಾಚೆ ಗುಡ್ಡದ ಮ್ಯಾಲ ಇಟ್ಟು ಬರ್ತೀನಿ, ಬಿಡಕ್ಕ," ಎಂದೆ.

ಅಕ್ಷರದ ಮೇಲೆ ಕಲ್ಲಿನ ಪುಡಿ ಕೂರದಿರಲೆಂದು ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಅತಿ ಬುದ್ಧಿವಂತ ನಾನು. ನಮ್ಮ ಕಾರ್ಖಾನೆಯಲ್ಲಿ ಗೋಡೆಗೆ ಮುಖ ಮಾಡಿದ ಕಲ್ಲೆಂದರೆ ಲಾರಿಗೆ ತಯಾರಾದ ಕಲ್ಲು. ಶನಿವಾರ ನಾನು ಪಕ್ಕದೂರು ವಾಡಿಗೆ ಹೋಗಿ ಬರುವಷ್ಟರಲ್ಲಿ ಹಮಾಲರು ಅದನ್ನೂ ಹೇರಿ ಹೈದರಾಬಾದಿಗೆ ಕಳಿಸಿದ್ದರು. ಆ ಲೋಡು ಅಲ್ಲಿ ಎಷ್ಟು ಮನೆಗಳಿಗೆ ಹಂಚಿಹೋಯಿತೋ, ಎಷ್ಟು ವಿಚಾರಿಸಿದರೂ ಅವಳ ಕಲ್ಲು ಪತ್ತೆಯಾಗಲಿಲ್ಲ.

ಸೋಮವಾರ ಅವಳು ಕೇಳಿದಳು.

"ಇಟ್ಟು ಬಂದೀನಕ್ಕ. ಭಾಳ ಛಂದ ಗಾಳಿ ಅದ ಅಲ್ಲಿ," ಎಂದುಬಿಟ್ಟೆ.

ಗಂಟಿನಿಂದ ಈ ಸ್ವೆಟರ್ ತೆಗೆದು ಕೈಗಿಟ್ಟಳು. ತೆಗೆದುಕೊಂಡೆ.

ಮರುವರ್ಷ ಗುಡ್ಡಕ್ಕೆ ಕರೆದುಕೊಂಡು ಹೋಗು ಎಂದಳು. "ಅಲ್ಲಿ ಕಲ್ಲು ಸಿಡಿಸಾಕತ್ತಾರ, ಬ್ಯಾಡ್ರಿ," ಎಂದೆ. ಒಂದು ಸುಳ್ಳಿಗೆ ನೂರು ಸುಳ್ಳು. ಅಂದಿನಿಂದ ಅವಳು ಅಂಗಡಿ ಹರವುವ ಮುಂಚೆ ಆ ಬರಿ ಗುಡ್ಡಕ್ಕೆ ಮುಖ ಮಾಡಿ ಕೈಮುಗಿಯುತ್ತಿದ್ದಳು. ನಾನು ಒಳಗೆ ಹೋಗಿ ಕೂರುತ್ತಿದ್ದೆ. ನಾಲ್ಕೈದು ಚಳಿಗಾಲ ಹಾಗೆಯೇ ಕಳೆದವು. ಆಮೇಲೆ ಅವಳು ಬರಲಿಲ್ಲ...

ಈಗಲೂ ನಮ್ಮೂರ ಕಲ್ಲು ಹಾಸಿದ ನೆಲ ಕಂಡರೆ, ಅದು ಕಚೇರಿಯಾಗಲಿ ಸ್ಟೇಷನ್ನಾಗಲಿ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತೇನೆ. "ಕಾಕಾ, ಇದೇನು ಗುಡಿ ಏನ್ರಿ?" ಎಂದು ಜನ ನಗುತ್ತಾರೆ. ನಾನೂ ನಕ್ಕು ಮುಂದೆ ನಡೆಯುತ್ತೇನೆ. ಚಪ್ಪಲಿ ಬಿಟ್ಟರೇನು, ಕಾಲಂತೂ ಬೀಳುತ್ತಲೇ ಇದೆ.