ಅತ್ತೆಯ ದವನದ ಸೋಪು

ನಾನು ಮಾಗಡಿ ಕಡೆಯವಳು. ಮದುವೆಯಾಗಿ ವೇಮಗಲ್ ಹತ್ತಿರದ ಈ ಊರಿಗೆ ಬಂದಾಗ ನನಗೂ ಅತ್ತೆಗೂ ಮಾತು ಅಷ್ಟಕ್ಕಷ್ಟೆ. ಸಿಟ್ಟು ಬಂದರೆ ಅವರು ತೆಲುಗಿಗೆ ತಿರುಗುತ್ತಿದ್ದರು, ನನಗೆ ಅರ್ಥವಾಗುತ್ತಿರಲಿಲ್ಲ. ಗಂಡ ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಕತ್ತಲಾದ ಮೇಲೆ ಬರುವವರು. ಮನೆಯಲ್ಲಿ ನಾವಿಬ್ಬರೇ. ನಮ್ಮನ್ನು ಮಾತಿಗೆ ಎಳೆದದ್ದು ಸೋಪು.

ಮಹಿಳಾ ಸಂಘದವರ ಜೊತೆ ಕೋಲಾರಕ್ಕೆ ತರಬೇತಿಗೆ ಹೋಗಿ ಅತ್ತೆ ಸೋಪು ಮಾಡುವುದನ್ನು ಕಲಿತಿದ್ದರು. ಹಿತ್ತಿಲಲ್ಲಿ ನಿಂತು ಕಾಸ್ಟಿಕ್ ಸೋಡವನ್ನು ನೀರಿಗೆ ಹಾಕಿ ಕದಡುವುದು ನನ್ನ ಪಾಲಿನ ಕೆಲಸ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ಅದರ ಹಬೆಗೆ ಗಂಟಲು ಉರಿಯುತ್ತಿತ್ತು. ಅದು ಆರಿದ ಮೇಲೆ ಕೊಬ್ಬರಿ ಎಣ್ಣೆ, ಹರಳೆಣ್ಣೆಗೆ ಸುರಿದು ದೋಸೆ ಹಿಟ್ಟಿನ ಹದ ಬರುವವರೆಗೆ ತಿರುವುತ್ತಿದ್ದೆ. ಕೊನೆಗೆ ದವನದ ಎಣ್ಣೆ ಬಿಡುವುದು ಮಾತ್ರ ಅತ್ತೆ. ಅದಕ್ಕೆ ಅಳತೆ ಇರಲಿಲ್ಲ. ಒಂದಿಷ್ಟು ಬಿಟ್ಟು, ಬಗ್ಗಿ ಮೂಸಿ, "ಇನ್ನೊಂಚೂರು ಬೇಕು," ಎನ್ನುತ್ತಿದ್ದರು. ಕತ್ತರಿಸಿದ ಸೋಪು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವಾಗ ಮನೆಯೆಲ್ಲ ದವನದ ಘಮ.

ಒಂದು ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂದು ಹೋಯಿತು. ಆಮೇಲೊಂದು ಬೆಳಿಗ್ಗೆ ಅವರು ಒಲೆಯ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರ ಬೆನ್ನ ಹಿಂದೆ ಹಾಲು ಉಕ್ಕಿ ಸೀಯುತ್ತಿತ್ತು. ನಾನು ಹಿತ್ತಿಲಿಂದ ಓಡಿ ಬಂದು ಇಳಿಸಿದೆ.

"ಸೀದಿದ್ ವಾಸ್ನೆ ಬರ್ಲಿಲ್ವಾ ಅತ್ತೆ?"

ಅವರು ತಳ ಹತ್ತಿದ ಪಾತ್ರೆಯನ್ನೇ ನೋಡಿದರು. "ಜ್ವರ ಬಂದಾಗಿಂದ ಯಾವ ವಾಸ್ನೇನೂ ಬರ್ತಿಲ್ಲ ಕಣಮ್ಮ. ಸರಿ ಹೋಗ್ತದೆ ಅಂತ ಸುಮ್ನಿದ್ದೆ."

ಕೋಲಾರದ ಡಾಕ್ಟರು, ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು. ದಿನವೂ ಏನಾದರೂ ಮೂಸಿ ನೋಡಿ ಎಂದೂ ಹೇಳಿದರು. ಅತ್ತೆ ಜಗಲಿಯಲ್ಲಿ ಕೂತು ಕಾಫಿಪುಡಿ, ಕರ್ಪೂರ, ನಿಂಬೆ ಸಿಪ್ಪೆಗಳನ್ನು ಒಂದೊಂದಾಗಿ ಮೂಗಿಗೆ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ ಕಾಯುತ್ತಿದ್ದರು. ಊಟವೂ ಕಡಿಮೆಯಾಯಿತು. ಎಲ್ಲ ಮಣ್ಣು ತಿಂದ ಹಾಗೆ, ಎನ್ನುತ್ತಿದ್ದರು.

ಬೇಸಿಗೆಯಲ್ಲಿ ಮತ್ತೆ ಸೋಪು ಮಾಡೋಣ ಎಂದು ಅವರೇ ಹೊರಟರು. ಕೈಯ ನೆನಪಿನಲ್ಲೇ ದವನದ ಎಣ್ಣೆ ಬಿಟ್ಟರು, ರೂಢಿಯಂತೆ ಬಗ್ಗಿದರು, ಮತ್ತೆ ಬಿಟ್ಟರು. ಆಮೇಲೆ ನನ್ನ ಮುಖ ನೋಡಿದರು.

"ಹೆಂಗೈತೆ ಹೇಳು. ಸುಳ್ ಹೇಳ್ಬೇಡ."

"ಜಾಸ್ತಿ ಆಯ್ತು ಅತ್ತೆ. ತಲೆ ಹಿಡಿಯೋ ಹಂಗೈತೆ."

ಅವರು ಕೈ ತೊಳೆದುಕೊಂಡು ಒಳಗೆ ಹೋದರು. ನಾನು ಅದನ್ನು ಅಚ್ಚಿನ ಪೆಟ್ಟಿಗೆಗೆ ಸುರಿದು ಒಳಗೆ ಹೋದಾಗ ಅವರು ಟ್ರಂಕಿನ ಮುಂದೆ ಕೂತಿದ್ದರು. ತೊಡೆಯ ಮೇಲೆ ಮಾವನವರ ಶಾಲು. ನಾನು ಈ ಮನೆಗೆ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಅವರನ್ನು ನಾನು ನೋಡಿದ್ದು ಗೋಡೆಯ ಫೋಟೋದಲ್ಲಿ ಮಾತ್ರ. ಆ ಶಾಲನ್ನು ಅತ್ತೆ ಅಲ್ಲಿಯವರೆಗೂ ಒಗೆದಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು.

"ಮೂಸಿ ನೋಡು. ಇನ್ನೂ ಐತಾ?"

ನಾನು ಮುಖಕ್ಕೆ ಒತ್ತಿಕೊಂಡೆ. ಮೊದಲು ಟ್ರಂಕಿನ ತುಕ್ಕಿನ ವಾಸನೆ ಬಂತು. ಅದರ ಕೆಳಗೆ ಬೀಡಿ, ಬೆವರು, ಹಿಪ್ಪುನೇರಳೆ ಸೊಪ್ಪು ಬಾಡಿದಂಥದ್ದು ಏನೋ. ಮಾವ ರೇಷ್ಮೆಹುಳು ಸಾಕುತ್ತಿದ್ದವರು.

"ಐತೆ ಅತ್ತೆ. ಬೀಡಿ ವಾಸ್ನೆ. ಸೊಪ್ಪಿಂದೂ."

"ಹೂಂ. ಅದೇ." ಶಾಲನ್ನು ಈಸಿಕೊಂಡು ಮುಖ ಮುಚ್ಚಿಕೊಂಡರು. ಬಹಳ ಹೊತ್ತು ಉಸಿರೆಳೆದರು. ಆಮೇಲೆ ಎದ್ದು ಅದನ್ನು ಒಗೆಯುವ ಕಲ್ಲಿನ ಕಡೆ ಒಯ್ದರು. ನಾನು ಹಿಂದೆಯೇ ಹೋಗಿ ತೋಳು ಹಿಡಿದೆ.

"ಬ್ಯಾಡ ಅತ್ತೆ. ಇರ್ಲಿ ಬಿಡಿ."

"ನಿಂಗೆ ಬರೋ ವಾಸ್ನೆ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕೈ ಬಿಟ್ಟೆ. ಅವರು ಅದನ್ನು ನೆನೆಹಾಕಿ, ಉಜ್ಜಿ, ಹಿಂಡಿ, ತಂತಿಯ ಮೇಲೆ ಹರವಿದರು. ನೀರು ಕಂದು ಬಣ್ಣಕ್ಕೆ ತಿರುಗಿತ್ತು.

ಅವರಿಗೆ ವಾಸನೆ ಇನ್ನೂ ಮರಳಿಲ್ಲ. ಸೋಪು ಈಗ ನಾನೊಬ್ಬಳೇ ಮಾಡುತ್ತೇನೆ. ಎಣ್ಣೆ ಎಷ್ಟು ಬಿಟ್ಟರೂ ಅವರು ಬಿಡುತ್ತಿದ್ದಾಗಿನ ಘಮ ಬರುವುದಿಲ್ಲ. ಅತ್ತೆ ಹಿತ್ತಿಲಿಗೆ ಬರುವುದಿಲ್ಲ. ಯಾರಾದರೂ ದವನದ ಸೋಪು ಕೇಳಿಕೊಂಡು ಬಂದರೆ, ಜಗಲಿಯಿಂದ ಏಳದೆ, "ಅವಳ್ನ ಕೇಳಿ," ಎನ್ನುತ್ತಾರೆ.