ಹಲಗೆ ತೂಗಿದ ಆಚಾರ್ರು

ಆಚಾರ್ರ ಎರಡೂ ಕೆನ್ನೆ ಜೋಲುಬಿದ್ದಿದ್ದವು. ನಲವತ್ತು ವರ್ಷ ಊದುಗೊಳವೆ ಊದಿ ಚಿನ್ನ ಬೆಸೆದ ಕೆನ್ನೆಗಳು. ಯೋಚನೆಗೆ ಬಿದ್ದರೆ ಬಾಯಲ್ಲಿ ಕೊಳವೆ ಇಲ್ಲದಿದ್ದರೂ ಉಬ್ಬುತ್ತಿದ್ದವು. ಕಣ್ಣು ಮಂಜಾದ ಮೇಲೆ ಚಿನ್ನ ಬಿಟ್ಟು, ಬಾಬುರಾಯನಕೊಪ್ಪಲಿನ ರಸ್ತೆಬದಿಯ ಶೆಡ್ಡಿನಲ್ಲಿ ಬಸ್ಸು ಟೆಂಪೊಗಳ ಒಡೆದ ಫೈಬರ್ ಭಾಗ ಸರಿಮಾಡುತ್ತಿದ್ದರು. ಕಸುಬು ಬದಲಾದರೂ ಅಕ್ಕಸಾಲಿಯ ಒಂದು ಚಾಳಿ ಹೋಗಿರಲಿಲ್ಲ. ಕೈಗೆ ಬಂದದ್ದನ್ನು ತೂಗದೆ ಮುಟ್ಟುತ್ತಿರಲಿಲ್ಲ, ತೂಗದೆ ಹಿಂದಕ್ಕೆ ಕೊಡುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆ. ನಾನು ಕೆ.ಆರ್. ಪೇಟೆಯಲ್ಲಿ ಕಾಲೇಜು ಓದುತ್ತಿದ್ದೆ. ರಜೆಯಲ್ಲಿ ಕನ್ನಂಬಾಡಿ ಹಿನ್ನೀರಿನ ಶಿಬಿರಕ್ಕೆ ಹೋಗಿ ವಿಂಡ್‌ಸರ್ಫಿಂಗ್ ಕಲಿತಿದ್ದೆ. ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಜೊತೆ ಓಡುವ ಆಟ. "ಮುದ್ದೆ ತಿರುವಾಕೆ ಬರ್ದೋಳು ನೀರ್ ಮ್ಯಾಲೆ ನಿಂತ್ಕತಾಳಂತೆ" ಎಂದು ಕಿಕ್ಕೇರಿಯ ನಮ್ಮತ್ತೆ ಆಡಿಕೊಳ್ಳುತ್ತಿದ್ದರು. ರಾಜ್ಯ ತಂಡದ ಆಯ್ಕೆಗೆ ಹನ್ನೆರಡು ದಿನವಿದ್ದಾಗ ನನ್ನ ಹಲಗೆ ನೀರೊಳಗಿನ ಬಂಡೆಗೆ ತಾಗಿ, ಅಡಿಯಲ್ಲಿ ಬೆರಳುದ್ದ ಸೀಳಿತು. ಬೇರೆ ಹಲಗೆ ಇರಲಿಲ್ಲ. ಸೀಳಿನ ಮೇಲೆ ಪುಟ್ಟಿ ಮೆತ್ತಿ ಮರುದಿನ ನೀರಿಗಿಳಿಸಿದೆ. ಅದು ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ತಿರುಗಲೇ ಒಲ್ಲದು. ಕಬ್ಬಿನ ಟ್ರಾಕ್ಟರಿನ ಮೇಲೆ ಹಾಕಿಕೊಂಡು ಆಚಾರ್ರ ಹತ್ತಿರ ಬಂದೆ.

ಅವರು ಮೊದಲು ಮಾಡಿದ ಕೆಲಸ, ಹಲಗೆಯನ್ನು ಪಕ್ಕದ ಆಲೆಮನೆಯ ತಕ್ಕಡಿಗೆ ಕಟ್ಟಿ ತೂಗಿದ್ದು. ಆಮೇಲೆ ಬೆರಳಗೆಣ್ಣಿನಿಂದ ಉದ್ದಕ್ಕೂ ಕುಟ್ಟಿ ಸದ್ದು ಆಲಿಸಿದರು.

"ನೀರ್ನ ಒಳೀಕ್ ಬುಟ್ಟು ಬಾಗ್ಲು ಆಕ್ಬುಟ್ಟಿದ್ದೀಯಲ್ಲವ್ವ" ಎಂದು ನನ್ನ ಪುಟ್ಟಿಯನ್ನೆಲ್ಲ ಕೆರೆದು ತೆಗೆದರು. ಸೀಳಿನಿಂದ ನೀರು ತೊಟ್ಟಿಕ್ಕಿತು. "ದಿನಾ ತೂಗಾನ. ಎಲ್ಡ್ ದಿನ ಒಂದೇ ತೂಕ ನಿಂತ್ರೆ ಒಣಗೈತೆ ಅಂತ. ಆಗ ಮುಚ್ಚಾನ."

ಬೇಗ ಒಣಗಲಿ, ಆಲೆಮನೆಯ ಒಲೆ ಪಕ್ಕ ಇಡೋಣ ಎಂದೆ. "ಬೆಲ್ಲ ಕಾಯಿಸ್ತೀಯಾ? ಒಳಗಿರೋ ತರ್ಮಾಕೋಲು ಕರಗೋಯ್ತದೆ" ಎಂದು ನೆರಳಲ್ಲಿ, ಗಾಳಿಗೆ, ಸೀಳು ಕೆಳಗಾಗಿ ನಿಲ್ಲಿಸಿದರು. ದಿನವೂ ಬೆಳಿಗ್ಗೆ ಬಸ್ಸು ಹತ್ತಿ ತೂಗಲು ಬರುತ್ತಿದ್ದೆ. "ಎಷ್ಟ್ ತೊಲ ಐತೆ ಆಚಾರ್ರೇ?" ಎಂದು ಆಲೆಮನೆಯವನು ಕಿಚಾಯಿಸಿದರೆ, "ನಿನ್ ಬೆಲ್ದಲ್ಲಿರೋ ಮಣ್ಣಷ್ಟಿಲ್ಲ ಕಣ್ಲಾ, ಸುಮ್ಕೆ ತಕ್ಕಡಿ ಇಡ್ಕೊ" ಎನ್ನುತ್ತಿದ್ದರು.

ಆಯ್ಕೆಗೆ ಎರಡು ದಿನ ಉಳಿಯಿತು. ಅಂಟು ಗಟ್ಟಿಯಾಗಲು ಒಂದು ಪೂರ್ತಿ ದಿನ ಬೇಕು. ತೂಕ ಇನ್ನೂ ಇಳಿಯುತ್ತಲೇ ಇತ್ತು, ನಿನ್ನೆಗಿಂತ ನೂರು ಗ್ರಾಮು ಕಡಿಮೆ.

"ನೂರು ಗ್ರಾಮ್ಗೆ ಏನಾಯ್ತದೆ ಆಚಾರ್ರೇ?" ಎಂದು ಜಗಳಕ್ಕೇ ನಿಂತೆ.

"ಚಿನ್ನದಲ್ಲಿ ನೂರು ಗ್ರಾಮು ಅಂದ್ರೆ ಒಂದು ಮದ್ವೆ ಕಣವ್ವ."

ನಾನು ಅತ್ತುಬಿಟ್ಟೆ. ಅವರು ಅಂಟು ಕಲಸಿ, ಬ್ರಷ್ಷಿನ ಜೊತೆ ನನ್ನ ಮುಂದೆ ಇಟ್ಟರು. "ನಾನ್ ಮುಚ್ಚಾಕಿಲ್ಲ. ಅಲಗೆ ನಿಂದು. ಮುಚ್ಕೊಂಡ್ ಓಗೋದಾದ್ರೆ ಓಗು, ಬೈಯಾಕಿಲ್ಲ."

ಬ್ರಷ್ಷು ಅದ್ದಿದೆ. ಸೀಳಿನೊಳಗೆ ಬೆರಳಿಟ್ಟು ನೋಡಿದೆ, ಇನ್ನೂ ತಣ್ಣಗಿತ್ತು. ಆಚಾರ್ರ ಮೇಲೆ ಉರಿಯುವಷ್ಟು ಸಿಟ್ಟು. ಆದರೂ ಬ್ರಷ್ಷು ಕೆಳಗಿಟ್ಟೆ. ಕಲಸಿದ ಅಂಟು ಡಬ್ಬದಲ್ಲೇ ಕಲ್ಲಾಯಿತು.

ಆ ವರ್ಷದ ಆಯ್ಕೆಯನ್ನು ದಡದಲ್ಲಿ ಕೂತು ನೋಡಿದೆ. ಮರುದಿನ ಮತ್ತೆ ಅದೇ ಬಸ್ಸು ಹತ್ತಿದೆ. ಮಾತಾಡಬಾರದು ಎಂದುಕೊಂಡೇ ಹೋದೆ. ಅವರು ಹಲಗೆ ಕಟ್ಟುವ ಹಗ್ಗದ ಒಂದು ತುದಿ ಕೈಗೆ ಕೊಟ್ಟರು. ನಾಲ್ಕು ದಿನದ ಮೇಲೆ ತಕ್ಕಡಿಯ ಮುಳ್ಳು ಹಿಂದಿನ ದಿನದ ಗುರುತಿನಲ್ಲೇ ನಿಂತಿತು. ಫೈಬರ್ ಬಟ್ಟೆ ಹಾಸುವುದು, ಗುಳ್ಳೆ ಏಳದ ಹಾಗೆ ಒತ್ತುವುದು, ನೀರು ಮುಟ್ಟಿಸಿ ಉಪ್ಪುಕಾಗದದಲ್ಲಿ ಉಜ್ಜುವುದು ಎಲ್ಲವನ್ನೂ ನನ್ನ ಕೈಯಲ್ಲೇ ಮಾಡಿಸಿದರು. "ಕಣ್ ಮುಚ್ಚಿ ಸವರು. ಎಲ್ಲಿ ಸೀಳಿತ್ತು ಅಂತ ಬೆರಳ್ಗೆ ಗೊತ್ತಾಗ್ಬಾರ್ದು" ಎಂದು ಮೂರು ಸಲ ಮತ್ತೆ ಉಜ್ಜಿಸಿದರು. ನನ್ನ ಉಗುರು ಸವೆದವು.

ಮರುವರ್ಷ ಅದೇ ಹಲಗೆಯ ಮೇಲೆ ನಾನು ಆಯ್ಕೆಯಾದೆ. ಇಸ್ತ್ರಿ ಪಂಚೆ ಉಟ್ಟು ಹಿನ್ನೀರಿಗೆ ಬಂದಿದ್ದ ಆಚಾರ್ರು, ನಾನು ಸುದ್ದಿ ಹೇಳುವ ಮೊದಲೇ ಹಲಗೆ ಮಗುಚಿ ಅಡಿ ಸವರುತ್ತಿದ್ದರು. "ನೀರು ಒಳೀಕ್ ಓಗಿಲ್ಲ" ಎಂದರು. ಅವರ ಪಾಲಿಗೆ ಗೆದ್ದದ್ದು ಅದೇ.

ಅವರು ತೀರಿಕೊಂಡ ದಿನ ಬಾಬುರಾಯನಕೊಪ್ಪಲಿಗೆ ಹೋಗಿದ್ದೆ. ನಾನು ಅಳುವುದನ್ನು ಕಂಡು ಒಬ್ಬ ಅಜ್ಜಿ ಪಕ್ಕಕ್ಕೆ ಬಂದು, "ಅವ್ರು ನಿಂಗೆ ಏನಾಗ್ಬೇಕವ್ವ?" ಎಂದು ಕೇಳಿದಳು.

"ಒಂದ್ಸಲ ಸೋಲಾಕೆ ಕಲ್ಸುದ್ರು ಕಣಜ್ಜಿ" ಎಂದೆ. ಅದಕ್ಕಿಂತ ಹತ್ತಿರದ ನಂಟು ಹೇಳಲು ನನಗೆ ತೋಚಲಿಲ್ಲ.